ನಾಲ್ಕನೇ ಶ್ರೇಣಿಯ ಮೇಲೆ ಬಾಣಪ್ರಯೋಗ

"ಈ ಶ್ರೇಣಿಯನ್ನ ಕೆಳಗಿಳಿಸದೇ ಇದ್ರೆ, ನಾನು ಆರು ವರ್ಷ ತಪ್ಪು ಹುಡುಕಿದ್ದೆಲ್ಲಾ ದಂಡ!"

ಹೀಗೆಂದು ಬಾಣರಾಯ ಊಟದ ಮೇಜನ್ನು ಗುದ್ದಿದ. ಮೇಜು ಅಲುಗಾಡಿತು. ಅದರ ಹಿಂದಿನ ಎಡಗಾಲು ಎರಡು ಮಿಲಿಮೀಟರ್ ಗಿಡ್ಡ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿರದೆ ಇರುತ್ತದೆಯೇ? ಅವನ ಹೊಟ್ಟೆಪಾಡೇ ಅದು. ಬೀರು, ಕಪಾಟು, ಮೇಜು ತಯಾರಿಸುವ ಕಾರ್ಖಾನೆಯಲ್ಲಿ ಅವನು ಗುಣಮಟ್ಟ ಪರೀಕ್ಷಕ. ಗೀರು, ಓರೆ, ಸಡಿಲ, ಬಿರುಕು, ಏನು ಕಂಡರೂ ಅಲ್ಲೇ ಒಂದು ಕೆಂಪು ಬಾಣದ ಚೀಟಿ ಅಂಟಿಸುವುದು ಅವನ ಕೆಲಸ. ಚೀಟಿಯ ಮೇಲೆ ದೋಷದ ಸಂಖ್ಯೆ, ದೋಷದ ವಿವರ, ಕೊನೆಯಲ್ಲಿ ಮೂರು ಚೌಕ: 'ರಿಪೇರಿ', 'ತಿರಸ್ಕಾರ', 'ಹಾಗೇ ಸ್ವೀಕಾರ'. ಆರು ವರ್ಷದ ಸೇವೆಯಲ್ಲಿ ಅವನು ಆ ಮೂರನೇ ಚೌಕಕ್ಕೆ ಟಿಕ್ ಹಾಕಿದ್ದನ್ನು ಕಂಡ ಕಣ್ಣುಗಳಿಲ್ಲ. ಅದಕ್ಕೇ ಕಾರ್ಖಾನೆಯವರು ಅವನ ಸ್ವಂತ ಹೆಸರನ್ನು ಮರೆತು 'ಬಾಣರಾಯ' ಎಂದು ಬಿರುದು ಕೊಟ್ಟಿದ್ದರು. ಅದು ಹೊಗಳಿಕೆ ಎಂದು ಅವನು ಬಹಳ ದಿನ ನಂಬಿದ್ದ.

ಇಂಥ ಮಹಾನುಭಾವನ ಮನೆಗೆ ನಗರಸಭೆಯಿಂದ ಒಂದು ನೋಟೀಸು ಬಂದಿತ್ತು. ಊರಿನ ಮನೆಗಳನ್ನೆಲ್ಲ ಕಂದಾಯಕ್ಕಾಗಿ ಆರು ಶ್ರೇಣಿಗಳಾಗಿ ವಿಂಗಡಿಸಲಾಗಿದೆ, ಶ್ರೇಣಿ ಏರಿದಷ್ಟೂ ಕಂದಾಯ ಏರುತ್ತದೆ, ತಮ್ಮ ಮನೆ ನಾಲ್ಕನೇ ಶ್ರೇಣಿ, ಅಭಿನಂದನೆಗಳು. ಅಭಿನಂದನೆಗಳು ಎಂದು ಅದರಲ್ಲಿ ಬರೆದಿರಲಿಲ್ಲ. ಓದಿದಾಗ ಹಾಗೆ ಕೇಳಿಸಿತಷ್ಟೆ.

"ಪಕ್ಕದ ಕನ್ನಡಕದಂಗಡಿಯವರ ಮನೆ ಮೂರನೇ ಶ್ರೇಣಿ, ನಮ್ಮದು ನಾಲ್ಕನೇದು! ಎರಡು ಮನೆಗೂ ನಡುವೆ ಒಂದೇ ಗೋಡೆ ಕಣೇ! ಆ ಕಡೆ ಮೂರು, ಈ ಕಡೆ ನಾಲ್ಕು! ಆ ಗೋಡೆಗಾದ್ರೂ ನಾಚಿಕೆ ಬೇಡ್ವಾ?"

"ಗೋಡೆ ಆಮೇಲೆ ನಾಚಿಕೊಳ್ಳಲಿ, ಮೊದ್ಲು ನೀವು ಊಟ ಮಾಡಿ" ಎಂದಳು ಹೆಂಡತಿ.

"ಶ್ರೇಣಿ ಇಳಿಯೋವರೆಗೂ ನನಗೆ ಊಟ ಇಳಿಯಲ್ಲ!" ಎಂದು ಘೋಷಿಸಿ ಬಾಣರಾಯ ಎರಡನೇ ಸಲ ಬಡಿಸಿಕೊಂಡ.

ಹೆಂಡತಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಸರದಿ ಕೂಗುವವಳು. ದಿನಕ್ಕೆ ನಲವತ್ತು ಜನ ಧೀರರು ಒಳಗೆ ಹೋಗುವ ಮುನ್ನ ಏನು ಹೇಳುತ್ತಾರೆ, ಹೊರಗೆ ಬರುವಾಗ ಹೇಗೆ ಬರುತ್ತಾರೆ ಎಂಬುದನ್ನು ನೋಡಿ ನೋಡಿ ಅವಳಿಗೆ ಶೌರ್ಯದ ಮಾತು ಎಂದರೆ ಅಷ್ಟಕ್ಕಷ್ಟೆ.

"ಸರಿ, ಗೆದ್ರೆ ಸಂತೋಷ. ಸೋತ್ರೆ?"

"ಸೋಲೋದಾ? ನಾನಾ?"

"ಸೋತ್ರೆ ಒಂದು ವರ್ಷ ನಮ್ಮ ಮನೇದು ಅಂತ ಇರೋ ಯಾವುದರಲ್ಲೂ ತಪ್ಪು ತೋರಿಸೋ ಹಾಗಿಲ್ಲ. ಚಹಾ ಆರಿದೆ, ಚಾದರ ಓರೆಯಾಗಿದೆ, ಬಾಗಿಲು ಕಿರ್ರ್ ಅಂತಿದೆ, ಊಹೂಂ! ಬಾಯಿಗೆ ಬೀಗ! ಒಪ್ಪಿಗೆನಾ?"

ಬಾಣರಾಯ ಬೆರಳು ಮಡಚಿ ತಿಂಗಳು ಎಣಿಸಿದ. ಒಂದು ವರ್ಷ! ಮೀನಿಗೆ ಈಜಬೇಡ ಎಂದ ಹಾಗೆ. ಆದರೂ ಗಂಡಸು ಮೇಜು ಗುದ್ದಿಯಾಗಿತ್ತಲ್ಲ. "ಒಪ್ಪಿಗೆ!" ಎಂದ.

ಹೆಂಡತಿ ದನಿ ತಗ್ಗಿಸಿ ಕಿಟಕಿಯ ಕಡೆ ಕಣ್ಣು ತೋರಿಸಿದಳು. "ಆದ್ರೆ ಒಂದು ಮಾತು. ಇದು ಅಪ್ಪ ಕಟ್ಟಿದ ಮನೆ. ತಪ್ಪು ಹುಡುಕಿ ಅರ್ಜಿ ಹಾಕಿದ್ರೆ ಅವರಿಗೆ ಹೇಗನ್ಸುತ್ತೆ?"

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾವ ಕೂತಿದ್ದರು. ನಲವತ್ತು ವರ್ಷ ಮೇಸ್ತ್ರಿ ಕೆಲಸ ಮಾಡಿದವರು. ಅರ್ಧ ಬಡಾವಣೆ ಅವರ ಕೈಯಲ್ಲೇ ಎದ್ದು ನಿಂತಿತ್ತು. ಕಳೆದ ವರ್ಷ ಮೊಣಕಾಲಿನ ಆಪರೇಷನ್ ಆಯಿತು, "ಇನ್ನು ವಿಶ್ರಾಂತಿ ತಗೊಳ್ಳಿ" ಎಂದು ಎಲ್ಲರೂ ಹೇಳಿದರು. ಅಂದಿನಿಂದ ಆ ಮನುಷ್ಯ ವಿಶ್ರಾಂತಿಯನ್ನೂ ಕೂಲಿ ಕೆಲಸದ ಹಾಗೆ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಮುಖ ಗಂಟಿಕ್ಕಿಕೊಂಡು ಮಾಡುತ್ತಿದ್ದರು. ತಾವೇ ಕಟ್ಟಿ ಮಗಳು ಅಳಿಯನ ಹೆಸರಿಗೆ ಬರೆದುಕೊಟ್ಟ ಮನೆಯಲ್ಲಿ ನೆಂಟರ ಹಾಗೆ ಕೂತಿರುತ್ತಿದ್ದರು. ಮಾತು ಕೇಳಿದರೆ "ಹೂಂ". ಬಹಳ ಖುಷಿಯಾದರೆ "ಹೂಂಹೂಂ". ಈ ಎರಡನೆಯದನ್ನು ಮಗಳು ಕೇಳಿ ಎಂಟು ತಿಂಗಳಾಗಿತ್ತು.

"ಅವರಿಗೆ ಗೊತ್ತೇ ಆಗದ ಹಾಗೆ ಮಾಡ್ತೀನಿ" ಎಂದ ಬಾಣರಾಯ. ಅಲ್ಲಿಗೆ ಧರ್ಮಯುದ್ಧ ಶುರುವಾಯಿತು!

ನಗರಸಭೆಯ ಕೌಂಟರಿನ ಗುಮಾಸ್ತ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಅರ್ಜಿಯಲ್ಲಿ 'ವೃತ್ತಿ' ಎಂಬಲ್ಲಿ ಬಾಣರಾಯ 'ಗುಣಮಟ್ಟ ಪರೀಕ್ಷಕ' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ. ಒಂದು ಗೆರೆ ಸಾಕಾಗುವುದಿಲ್ಲ ಎನಿಸಿತ್ತು.

"ಮನೇಲಿ ದೋಷ ಇದೆ ಅಂತೀರ. ಎಲ್ಲಿದೆ?"

"ಎಲ್ಲಿಲ್ಲ ಅಂತ ಕೇಳಿ ಸ್ವಾಮಿ! ಫೋಟೋ ತಂದಿದ್ದೀನಿ."

"ಫೋಟೋ ನಡೆಯಲ್ಲ. ಹೋದ ವರ್ಷ ಒಬ್ಬರು ನಮ್ಮ ಕಚೇರಿ ಗೋಡೆ ಬಿರುಕಿನದೇ ಫೋಟೋ ತೆಗೆದು, ನಮ್ಮನೇದು ಅಂತ ನಮಗೇ ಕೊಟ್ಟಿದ್ರು. ದೋಷ ಎಲ್ಲೆಲ್ಲಿದೆಯೋ ಅಲ್ಲೇ ಗುರುತು ಮಾಡಿಡಿ. ಪಟ್ಟಿ ಇಲ್ಲಿ ಕೊಡಿ. ಕೊಟ್ಟ ಹತ್ತನೇ ದಿನ ಪರಿವೀಕ್ಷಕರು ಬಂದು ನೋಡ್ತಾರೆ. ಇಲ್ಲಿ ಸಹಿ ಹಾಕಿ, ಇದು ಪರಿಶೀಲನೆ ನಂತರ ಶ್ರೇಣಿ ಇಳೀಬಹುದು, ಏರಲೂಬಹುದು ಅನ್ನೋದಕ್ಕೆ."

"ಏರಲೂಬಹುದಾ? ಹ್ಹ ಹ್ಹ!" ಬಾಣರಾಯ ಸಹಿ ಹಾಕಿದ. ಸಹಿಯ ಬಾಲ ಗುಮಾಸ್ತನ ಮೇಜಿಗೂ ಸ್ವಲ್ಪ ಹರಿಯಿತು.

ಆ ಭಾನುವಾರ ಮಾವ ಮೊಣಕಾಲಿನ ವ್ಯಾಯಾಮಕ್ಕೆಂದು ಹೊರಗೆ ಹೋದದ್ದೇ ತಡ, ಬಾಣರಾಯ ಕಾರ್ಖಾನೆಯ ಚೀಟಿಗಳ ಸುರುಳಿ ತೆಗೆದ. ಮೊದಲ ಅಸ್ತ್ರ ಒಂದು ಉಕ್ಕಿನ ಗುಂಡು, ಕಪಾಟಿನ ಡ್ರಾಯರ್ ಸರಾಗ ಜಾರಲು ಹಾಕುವಂಥದ್ದು. ಮುಂಬಾಗಿಲ ಬಳಿ ನೆಲಕ್ಕಿಟ್ಟ. ಗುಂಡು ಒಂದು ಕ್ಷಣ ಯೋಚಿಸಿ, ಹೊರಟಿತು! ಹಜಾರ ದಾಟಿ, ಮಾವನ ಕುರ್ಚಿಯ ಕೆಳಗೆ ನುಸುಳಿ, ಬಲಕ್ಕೆ ತಿರುಗಿ, ಯಾರೋ ಕರೆದ ಹಾಗೆ ನೇರ ಅಡುಗೆಮನೆಗೆ ಹೋಗಿ ಹೊಸ್ತಿಲಿಗೆ 'ಟಣ್' ಎಂದು ತಲೆ ಚಚ್ಚಿಕೊಂಡಿತು.

"ನೋಡ್ದೆಯಾ! ನೆಲ ಇಳಿಜಾರು! ದೋಷ ಸಂಖ್ಯೆ ಒಂದು!"

"ಮದ್ವೆ ಆದಾಗಿಂದ ನೀವೂ ಬಾಗಿಲಿಂದ ನೇರ ಅಡುಗೆಮನೆಗೇ ಬರ್ತೀರ. ಅದು ನೆಲದ ದೋಷ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದಳು ಹೆಂಡತಿ. ಆಮೇಲೆ ಕ್ಲಿನಿಕ್ಕಿನ ದನಿಯಲ್ಲಿ ಕೂಗಿದಳು, "ಮುಂದಿನವರು!"

ಮುಂದಿನವರಿಗೇನು ಕೊರತೆ! ಹಜಾರದ ಗೋಡೆಯಲ್ಲಿ ಹೊಟ್ಟೆ. ಕಿಟಕಿಯ ಚೌಕಟ್ಟಿನಲ್ಲಿ ಸಂದು. ಸ್ನಾನದ ಮನೆಯ ಬಾಗಿಲು ಮುಚ್ಚಿದರೆ ತೆರೆಯದು, ತೆರೆದರೆ ಮುಚ್ಚದು. ಮೆಟ್ಟಿಲುಗಳಲ್ಲಿ ಐದನೆಯದು ಮಾತ್ರ ಒಂದು ಇಂಚು ಎತ್ತರ. ಮನೆಗೆ ಬಂದವರೆಲ್ಲ ಅಲ್ಲಿ ಎಡವಿ, ನೆಂಟಸ್ತನ ಗಟ್ಟಿ ಮಾಡಿಕೊಂಡೇ ಮೇಲೆ ಹೋಗುತ್ತಿದ್ದರು. ಮೆಟ್ಟಿಲ ಕೆಳಗಿನ ಕತ್ತಲ ಗವಿಗೆ 'ಉಪಯೋಗಕ್ಕೆ ಬಾರದ ಜಾಗ' ಎಂದು ಬರೆದ. ಸಂಜೆಯ ಹೊತ್ತಿಗೆ ಅರವತ್ತಮೂರು ಬಾಣ! ಮನೆಗೆ ದಡಾರ ಎದ್ದ ಹಾಗಿತ್ತು. ಅರವತ್ತಮೂರರಲ್ಲೂ, ಆರು ವರ್ಷದ ರೂಢಿಯ ಬಲದಿಂದ, ಕೈ ತಾನಾಗಿಯೇ ಒಂದು ಚೌಕಕ್ಕೆ ಟಿಕ್ ಹಾಕಿತ್ತು: 'ರಿಪೇರಿ'.

ಬಾಣಗಳ ಭರಾಟೆಯಲ್ಲಿ ಗಡಿಯಾರ ನೋಡುವುದು ಮರೆತಿತ್ತು. ಮಾವ ಒಳಗೆ ಬಂದರು. ನಿಂತರು. ಜೇಬಿನಿಂದ ಕನ್ನಡಕ ತೆಗೆದು, ಹತ್ತಿರದ ಬಾಣ ಓದಿದರು. ಮತ್ತೊಂದು ಓದಿದರು. ಗೋಡೆ ಹಿಡಿದುಕೊಂಡು ಕುಂಟುತ್ತಾ, ಅರವತ್ತಮೂರನ್ನೂ ಒಂದೂ ಬಿಡದೆ ಓದಿದರು. ಬಾಣರಾಯ ಬೀರುವಿನ ಪಕ್ಕದಲ್ಲಿ ಇನ್ನೊಂದು ಬೀರುವಿನ ಹಾಗೆ ನಿಂತಿದ್ದ.

"ಇಷ್ಟೂ ನೀವೇ ಬರೆದದ್ದಾ ಅಳಿಯಂದಿರೇ?"

"ಅದು... ಮಾವ... ಕಚೇರಿಯವರು ಗುರುತು ಹಾಕಿ ಅಂದ್ರು..."

"ಹೂಂ."

ಅಷ್ಟೆ. ಆ 'ಹೂಂ' ಯಾವ ಜಾತಿಯದೆಂದು ಬಾಣರಾಯನಿಗೆ ತಿಳಿಯಲಿಲ್ಲ. ಹೆಂಡತಿ ಮಾತ್ರ ಅವನನ್ನು ನೋಡಿದ ನೋಟ ಯಾವ ಜಾತಿಯದೆಂದು ಚೆನ್ನಾಗಿ ತಿಳಿಯಿತು.

ಮರುದಿನ ಬೆಳಗ್ಗೆ ಪಟ್ಟಿಯನ್ನು ನಗರಸಭೆಯ ಕೌಂಟರಿನಲ್ಲಿ ಕೊಟ್ಟು ಬರುವಷ್ಟರಲ್ಲಿ ಕಾರ್ಖಾನೆ ಅವನನ್ನು ದೂರದ ಗೋದಾಮಿಗೆ ಅಟ್ಟಿತು. ಗಿರಾಕಿಗಳು ವಾಪಸ್ಸು ಕಳಿಸಿದ ಮುನ್ನೂರು ಬೀರುಗಳು ಅಲ್ಲಿ ಅವನ ದರ್ಶನಕ್ಕೆ ಕಾದಿದ್ದವು. ಒಂಬತ್ತು ದಿನದ ಕೆಲಸ. ದಿನಾ ಮಧ್ಯಾಹ್ನ ಮನೆಗೆ ಫೋನು.

"ಮಾವ ಹೇಗಿದ್ದಾರೆ? ಬೇಜಾರು ಮಾಡ್ಕೊಂಡ್ರಾ?"

"ಅಪ್ಪ ಚೆನ್ನಾಗಿದ್ದಾರೆ. ತುಂಬಾ ಚೆನ್ನಾಗಿದ್ದಾರೆ."

"ಅದೇನು ಟಕ್ ಟಕ್ ಅಂತ ಸದ್ದು?"

"ಯಾವ ಸದ್ದು? ಆಂ? ಕೇಳಿಸ್ತಿಲ್ಲ. ಇಡ್ತೀನಿ."

ಐದನೇ ದಿನ ಟಕ್ ಟಕ್ ಜೊತೆ ಯಾರೋ ಹಾಡು ಗುನುಗುವುದೂ ಕೇಳಿಸಿತು. ಹೆಂಡತಿ ರೇಡಿಯೋ ಎಂದಳು. ಬೇಸುರಾಗಿ ಹಾಡುವ ರೇಡಿಯೋ! ಇದು ದೋಷ ಸಂಖ್ಯೆ ಅರವತ್ತನಾಲ್ಕಾಗಬಹುದಲ್ಲ ಎಂದು ಬಾಣರಾಯ ಖುಷಿಪಟ್ಟ.

ಹತ್ತನೇ ದಿನ ಬೆಳಗ್ಗೆ ಬಸ್ಸಿಳಿದು ಚೀಲ ಹೊತ್ತು ಅವನು ಗೇಟಿಗೆ ಬರುವುದಕ್ಕೂ ಪರಿವೀಕ್ಷಕಿ ಸ್ಕೂಟರ್ ನಿಲ್ಲಿಸುವುದಕ್ಕೂ ಸರಿಹೋಯಿತು. ಕಂಕುಳಲ್ಲಿ ಕಡತ, ಸೊಂಟದಲ್ಲಿ ಅಳತೆಪಟ್ಟಿ, ಮೂಗಿನ ತುದಿಯಲ್ಲಿ ಅನುಮಾನ.

"ಬನ್ನಿ ಮೇಡಂ, ಬನ್ನಿ! ಜೋಪಾನ, ಮನೆ ಯಾವಾಗ ಮೈಮೇಲೆ ಬೀಳುತ್ತೋ ಹೇಳಕ್ಕಾಗಲ್ಲ!" ಎನ್ನುತ್ತಾ ಬಾಣರಾಯ ಬಾಗಿಲು ತಳ್ಳಿದ.

ಬಾಗಿಲು ಕಿರ್ರ್ ಎನ್ನಲಿಲ್ಲ.

ಅವನಿಗೆ ಮೊದಲು ಬಂದ ಯೋಚನೆ, ಬೇರೆಯವರ ಮನೆಗೆ ನುಗ್ಗಿದ್ದೇನೆ, ಎಂಬುದು. ಹಜಾರದ ಗೋಡೆಯ ಹೊಟ್ಟೆ ಕರಗಿತ್ತು. ಕಿಟಕಿಯ ಸಂದು ಕೂಡಿತ್ತು. ಗೋಡೆಗಳಿಗೆ ಹೊಸ ಬಣ್ಣ. ಒಂದೇ ಒಂದು ಕೆಂಪು ಬಾಣ ಇರಲಿಲ್ಲ! ಅರವತ್ತಮೂರನ್ನೂ ಬಿಡಿಸಿ ಒಂದು ತಂತಿಗೆ ಪೋಣಿಸಿ ಮೊಳೆಗೆ ನೇತುಹಾಕಲಾಗಿತ್ತು, ಕೆಲಸ ಮುಗಿದ ಬಿಲ್ಲುಗಳ ಹಾಗೆ. ಅದರ ಕೆಳಗೆ, ಕೈಯಲ್ಲಿ ಕರಣೆ ಹಿಡಿದು, ಕಿವಿಯಲ್ಲಿ ಗಿಡ್ಡ ಪೆನ್ಸಿಲ್ ಸಿಕ್ಕಿಸಿ, ಮೈಯೆಲ್ಲ ಬಿಳಿಯಾಗಿ ನಿಂತಿದ್ದರು ಮಾವ. ಮೊಣಕಾಲು ಬಗ್ಗಿರಲಿಲ್ಲ. ಮುಖದಲ್ಲಿ ಹತ್ತು ವರ್ಷ ಕಮ್ಮಿಯಾಗಿತ್ತು.

"ಎಲ್ಲಾ ಆಯ್ತು ಅಳಿಯಂದಿರೇ! ಹಳೇ ಗೆಳೆಯರಿಬ್ಬರು ಕೈ ಜೋಡಿಸಿದ್ರು. ನೀವು ನಾಲ್ಕು ಬಿಟ್ಟಿದ್ರಿ, ಅದನ್ನೂ ಹುಡುಕಿ ಸರಿ ಮಾಡಿದೆ. ಒಟ್ಟು ಅರವತ್ತೇಳು!"

ಬಾಣರಾಯನ ಬಾಯಿ ತೆರೆಯಿತು. ಅದು ಮುಚ್ಚುವ ಮೊದಲೇ ಹೆಂಡತಿ ಅವನ ತೋಳು ಹಿಡಿದು ಅಡುಗೆಮನೆಯ ಬಾಗಿಲಿಗೆ ಎಳೆದಳು.

"ಮೇಸ್ತ್ರಿಗೆ ಗೋಡೆ ಮೇಲೆ ಕೆಂಪು ಗುರುತು ಹಾಕಿ 'ರಿಪೇರಿ' ಅಂತ ಬರೆದುಕೊಟ್ರೆ ಇನ್ನೇನು ಮಾಡ್ತಾರ್ರೀ? ಅವರ ಲೆಕ್ಕದಲ್ಲಿ ಅದು ಕೆಲಸದ ಆರ್ಡರ್! 'ಅಳಿಯ ನನ್ನ ಮೇಲೆ ನಂಬಿಕೆ ಇಟ್ಟು ಕೆಲಸ ಕೊಟ್ಟಿದ್ದಾನೆ' ಅಂತ ಮಾರನೇ ದಿನಾನೇ ಕರಣೆ ಹಿಡಿದ್ರು."

"ನೀನಾದ್ರೂ ಫೋನಲ್ಲಿ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಲ್ಲಿಸಿ ಅಂತಿದ್ರಿ. ಅಪ್ಪ ಹಾಡ್ತಿದ್ರು ರೀ. ಎಂಟು ತಿಂಗಳಾದ ಮೇಲೆ." ಅಷ್ಟು ಹೇಳಿ ಅವಳು ಮುಖ ಬೇರೆ ಕಡೆ ತಿರುಗಿಸಿದಳು.

ಅಷ್ಟರಲ್ಲಿ ಪರಿವೀಕ್ಷಕಿ ಪಟ್ಟಿ ಬಿಡಿಸಿದ್ದಳು. "ದೋಷ ಒಂದು, ನೆಲ ಇಳಿಜಾರು. ತೋರಿಸ್ತೀರಾ?"

ಬಾಣರಾಯ ಕೊನೆಯ ಆಸೆಯಿಂದ ಜೇಬಿನ ಉಕ್ಕಿನ ಗುಂಡು ತೆಗೆದ. "ನೋಡ್ತಿರಿ ಮೇಡಂ, ಇಲ್ಲಿಟ್ರೆ ಅಡುಗೆಮನೆಗೆ ಓಡುತ್ತೆ!" ಎಂದು ನೆಲಕ್ಕಿಟ್ಟ. ಗುಂಡು ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಕೂತಿತು. ಬೆರಳಿಂದ ಮೆಲ್ಲಗೆ ನೂಕಿದ. ಒಂದು ಗೇಣು ಹೋಗಿ, ಏನು ವಿಷಯ ಎನ್ನುವಂತೆ ನಿಂತಿತು.

"ನಾನು ಊರವರ ಮನೆಗಳನ್ನೆಲ್ಲ ವಾರದ ದಿನ ಕಟ್ಟಿದೆ ತಾಯಿ" ಎಂದರು ಮಾವ. ವರ್ಷದ ಮಾತೆಲ್ಲ ಕೂಡಿಟ್ಟುಕೊಂಡಿದ್ದವರ ಹಾಗೆ ಶುರುವಾದರು. "ಪಕ್ಕದ ಮನೇನೂ ನಂದೇ ಕೆಲಸ, ಒಂದು ಕೂದಲೆಳೆ ಓರೆ ಇಲ್ಲ. ನಮ್ಮ ಮನೇನ ಮಾತ್ರ ಭಾನುವಾರಗಳಲ್ಲಿ ಕಟ್ಟಿದ್ದು, ಅರ್ಧ ನಿದ್ದೇಲಿ, ಉಳಿದ ಸಾಮಾನಲ್ಲಿ. ಈ ತಪ್ಪುಗಳೆಲ್ಲ ಮೂವತ್ತು ವರ್ಷದಿಂದ ನನ್ನ ಕಣ್ಣಿಗೆ ಚುಚ್ಚುತ್ತಿದ್ವು. ಸರಿ ಮಾಡು ಅಂತ ಹೇಳೋರೇ ಇರ್ಲಿಲ್ಲ. ಬನ್ನಿ, ಇಲ್ಲಿ ನೋಡಿ!"

ಮೆಟ್ಟಿಲ ಕೆಳಗಿನ ಕತ್ತಲ ಗವಿ ಈಗ ಕಿಟಕಿ ಇಟ್ಟ, ಬೆಳಕು ತುಂಬಿದ, ಕುರ್ಚಿ ಮೇಜು ಹಿಡಿಸುವ ಮುದ್ದಾದ ಕೋಣೆ! ಪರಿವೀಕ್ಷಕಿ ಅಳತೆಪಟ್ಟಿ ಎಳೆದಳು. ಬರೆದುಕೊಳ್ಳುವಾಗ ಬಾಯಿಂದ ಕೇಳಿಸಿತು: "ಹೆಚ್ಚುವರಿ ಕೋಣೆ, ಒಂದು." ಬಾಣರಾಯ ಗೋಡೆ ಹಿಡಿದುಕೊಂಡ. ಗೋಡೆ ಬಹಳ ಗಟ್ಟಿಯಾಗಿತ್ತು.

ಅವಳು ಕಡತ ಮುಚ್ಚಿ ಕನ್ನಡಕದ ಮೇಲಿಂದ ನೋಡಿದಳು. "ನಿಯಮ ಹೇಳ್ತೀನಿ ಕೇಳಿ. ಅರ್ಜಿ ಕೊಟ್ಟ ಮೇಲೆ ಮಾಡಿಸಿದ್ದು ಬರೀ ತೇಪೆ ಕೆಲಸ ಆಗಿದ್ರೆ ಅದನ್ನ ನಾನು ಹಿಡಿಯಲ್ಲ. ನಿಮ್ಮ ಹಳೇ ಪಟ್ಟಿನೇ ಹಿಡೀತೀನಿ, ನೀವು ಮೂರನೇ ಶ್ರೇಣಿಗೆ ಇಳೀತೀರ. ಬಾಳಿಕೆ ಬರೋ ಕೆಲಸ ಆಗಿದ್ರೆ ಐದಕ್ಕೆ ಏರ್ತೀರ. ಅರ್ಜೀಲಿ ನೀವೇ ಗುಣಮಟ್ಟ ಪರೀಕ್ಷಕರು ಅಂತ ಬರೆದಿದ್ದೀರ. ಎರಡು ಗೆರೆ ಬೇರೆ ಹಾಕಿದ್ದೀರ. ನೀವೇ ಬರೆದುಕೊಡಿ. ಇದು ತೇಪೆನಾ, ಕೆಲಸಾನಾ?"

ಮೂರು! ಗೆಲುವು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೇ ಬಂದು ನಿಂತಿತ್ತು! ಒಂದು ಪದ ಸಾಕು: 'ತೇಪೆ'. ಕ್ಯಾಂಟೀನಿನಲ್ಲಿ ಮೆರವಣಿಗೆ. ಮನೆಯಲ್ಲಿ ಆಜೀವ ತಪ್ಪು ಹುಡುಕುವ ಹಕ್ಕು. ಅವನ ಕಣ್ಣು ರೂಢಿಯಂತೆ ಕೋಣೆಯನ್ನು ಜಾಲಾಡಿತು, ಮತ್ತು ಸಿಕ್ಕಿತು! ಹೊಸ ಕಿಟಕಿಯ ಪಕ್ಕ, ಇನ್ನೂ ಒಣಗದ ಬಣ್ಣದಲ್ಲಿ, ಒಂದು ಹೆಬ್ಬೆಟ್ಟಿನ ಗುರುತು. ಮೊಹರೊತ್ತಿದ ಹಾಗೆ ಸ್ಪಷ್ಟ ದೋಷ!

ಮಾವ ಕರಣೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದರು, ಪರೀಕ್ಷೆಯ ಫಲಿತಾಂಶ ಕೇಳಲು ಬಂದವರ ಹಾಗೆ. ಅವರ ಬಲಗೈ ಹೆಬ್ಬೆಟ್ಟು ಬೆಳ್ಳಗಿತ್ತು.

ಬಾಣರಾಯ ನಾಲ್ಕು ಹೆಜ್ಜೆ ಇಟ್ಟು ಹೋಗಿ, ಆ ಗುರುತಿಗೆ ಬೆನ್ನು ಆನಿಸಿ ನಿಂತುಬಿಟ್ಟ. ಅಂಗಿಯೊಳಗೆ ತಣ್ಣಗೆ ಏನೋ ಇಳಿಯಿತು.

"ಮೇಡಂ, ಆರು ವರ್ಷದಲ್ಲಿ ಇಂಥದ್ದು ನೋಡಿಲ್ಲ. ದೋಷ ಇಲ್ಲ."

"ಖಂಡಿತಾನಾ?"

"ಖಂಡಿತ! ನೂರು ವರ್ಷ ಬಾಳುತ್ತೆ! ಕೊಡಿ, ಬರೀತೀನಿ!"

ಬರೆದುಕೊಟ್ಟ. ಈ ಸಲ ಸಹಿಗೆ ಬಾಲವಿರಲಿಲ್ಲ. ಮಾವ "ಹೂಂಹೂಂ" ಎಂದರು. ಹೆಂಡತಿ ಸೆರಗಲ್ಲಿ ಮೂಗು ಒರೆಸಿಕೊಂಡಳು.

"ಐದನೇ ಶ್ರೇಣಿ" ಎಂದು ಮೊಹರು ಒತ್ತಿದ ಪರಿವೀಕ್ಷಕಿ, ಬಾಗಿಲಲ್ಲಿ ತಿರುಗಿ ನಿಂತಳು. "ಪಕ್ಕದ್ದೂ ಮೇಸ್ತ್ರಿಗಳದ್ದೇ ಕೆಲಸ ಅಂದ್ರಲ್ಲ? ಅದು ಹೇಗೆ ಮೂರರಲ್ಲಿದೆ? ಹಾಗೇ ನೋಡ್ಕೊಂಡು ಹೋಗ್ತೀನಿ." ಆ ಕಡೆಯಿಂದ ಕನ್ನಡಕದಂಗಡಿಯವರ ಕಿಟಕಿ ದಡಾರನೆ ಮುಚ್ಚಿಕೊಂಡದ್ದು, ಒಂದೇ ಗೋಡೆಯಾದ್ದರಿಂದ, ಚೆನ್ನಾಗಿ ಕೇಳಿಸಿತು.

ಬಾಣರಾಯ ಗೋದಾಮಿನ ವರದಿ ಕೊಡಲು ಕಾರ್ಖಾನೆಗೆ ಓಡಬೇಕಿತ್ತು. ಅಂಗಿ ಬದಲಿಸಲೂ ಹೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಪ್ಪ ಮಗಳು ಏನೋ ಪಿಸುಪಿಸು ನಡೆಸಿದ್ದರು. ಹೆಂಡತಿ ಹೊರಗೆ ಬಂದಳು.

"ತಿರುಗಿ ನಿಂತ್ಕೊಳ್ಳಿ. ಬೆನ್ನೆಲ್ಲಾ ಬಣ್ಣ" ಎಂದು ಒರೆಸಿದಳು. ಕೊನೆಗೆ ಬೆನ್ನ ಮೇಲೆ ಎರಡು ಸಲ ತಟ್ಟಿದಳು. ಎಂಥ ಪ್ರೀತಿಯ ತಟ್ಟು! ಬಾಣರಾಯನ ಎದೆ ಉಬ್ಬಿತು. ಸೋತರೇನಾಯಿತು, ಹೆಂಡತಿಯ ಕಣ್ಣಲ್ಲಿ ಗೆದ್ದೆ ಎಂದುಕೊಂಡು, ತಲೆ ಎತ್ತಿ ರಸ್ತೆಯಲ್ಲಿ ನಡೆದ. ಬಸ್ಸಿನಲ್ಲಿ ಹಿಂದಿದ್ದವರು ನಕ್ಕರು. ಜನ ಸಂತೋಷವಾಗಿದ್ದಾರೆ ಎಂದುಕೊಂಡ. ಗೇಟಿನ ಕಾವಲುಗಾರ ನಕ್ಕ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು!

"ಶ್ರೇಣಿ ಎಲ್ಲಿಗೆ ಇಳೀತಯ್ಯಾ?" ಎಂದು ಮೇಲ್ವಿಚಾರಕ ಕೇಳಿದ.

"ಐದಕ್ಕೆ!" ಎಂದ ಬಾಣರಾಯ ಹೆಮ್ಮೆಯಿಂದ.

"ಅದಿರಲಿ, ನಿನ್ನನ್ನ ಪರೀಕ್ಷೆ ಮಾಡಿದವರು ಯಾರು?" ಮೇಲ್ವಿಚಾರಕ ಅವನ ಬೆನ್ನಿನಿಂದ ಏನನ್ನೋ ಪರ್ರನೆ ಕಿತ್ತು ಕೈಗಿತ್ತ.

ಕೆಂಪು ಬಾಣ. ಹೆಂಡತಿಯ ಅಕ್ಷರ. 'ದೋಷ ಸಂಖ್ಯೆ: ಅರವತ್ತೆಂಟು. ವಿವರ: ಪೂರ್ತಿ.' ಕೆಳಗೆ 'ರಿಪೇರಿ' ಚೌಕದಲ್ಲಿ ಹಾಕಿದ್ದ ಟಿಕ್ಕನ್ನು ಹೊಡೆದುಹಾಕಿ, ಪಕ್ಕದಲ್ಲಿ ಮೇಸ್ತ್ರಿಯ ಗಿಡ್ಡ ಪೆನ್ಸಿಲ್ಲಿನ ದಪ್ಪಕ್ಷರದಲ್ಲಿ ಬರೆದಿತ್ತು: 'ನೋಡಿದೆ. ನನ್ನ ಕೈಲಿ ಆಗಲ್ಲ.' ಆರು ವರ್ಷದಲ್ಲಿ ಯಾರೂ ಮುಟ್ಟದ ಮೂರನೇ ಚೌಕದಲ್ಲಿ, 'ಹಾಗೇ ಸ್ವೀಕಾರ' ಎಂಬಲ್ಲಿ, ಒಂದು ದೊಡ್ಡ ಟಿಕ್ ಇತ್ತು.

ಟಿಕ್ ಚೌಕದಿಂದ ಸ್ವಲ್ಪ ಹೊರಗೆ ಹೋಗಿತ್ತು. ಅದನ್ನು ಹೇಳಲು ಬಾಣರಾಯ ಬಾಯಿ ತೆರೆದ. ಪಂದ್ಯ ನೆನಪಾಯಿತು. ಇನ್ನೂ ಮುನ್ನೂರ ಅರವತ್ತೈದು ದಿನ.

ಬಾಯಿ ಮುಚ್ಚಿಕೊಂಡ.